ಥೆರಪಿಸ್ಟ್ ಹೆಸರು ಪಟ್ಟಿಯಲ್ಲಿದೆಯಾ? ವೈದ್ಯಕೀಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ ಸರ್.

ಹಾವೇರಿಯ ಒಬ್ಬ ತಾಯಿ ತನ್ನ ಮೂರು ವರ್ಷದ ಮಗುವನ್ನು ಥೆರಪಿಗೆ ಸೇರಿಸಬೇಕೆಂದಿದ್ದಾಳೆ ಅಂದುಕೊಳ್ಳಿ. ಅಲ್ಲಿರುವ ಥೆರಪಿಸ್ಟ್ ನಿಜವಾಗಿ ಅದನ್ನೇ ಓದಿದವರಾ, ಅವರ ನೋಂದಣಿ ಚಾಲ್ತಿಯಲ್ಲಿದೆಯಾ ಎಂದು ಆಕೆ ತನ್ನ ಮೊಬೈಲಿನಲ್ಲೇ, ಕನ್ನಡದಲ್ಲೇ ನೋಡುವಂತಾಗಬೇಕು. ನಾನು ಕೇಳುತ್ತಿರುವುದು ಇಷ್ಟೇ. ಇದಕ್ಕೆ ಬೇಕಾದ ಕಾಯ್ದೆ ಸಂಸತ್ತಿನಲ್ಲಿ ಪಾಸಾಗಿ ವರ್ಷಗಳಾದವು. ಥೆರಪಿಸ್ಟ್‌ಗಳನ್ನು ನೋಂದಾಯಿಸಿಕೊಳ್ಳುವ ಪರಿಷತ್ತೂ ರಾಜ್ಯದಲ್ಲಿ ರಚನೆಯಾಗಿದೆ. ಇನ್ನು ಆ ಪರಿಷತ್ತು ನೋಂದಣಿಯನ್ನು ಯಾರಿಗಾಗಿ ಮಾಡುತ್ತದೆ ಅನ್ನುವುದೊಂದೇ ಪ್ರಶ್ನೆ. ನಮ್ಮಂಥ ಥೆರಪಿಸ್ಟ್‌ಗಳ ಗೋಡೆಗೆ ಇನ್ನೊಂದು ಸರ್ಟಿಫಿಕೇಟ್ ನೇತುಹಾಕುವುದಕ್ಕೋ, ಆ ತಾಯಿಗೋ?

ನಾನು ದಾವಣಗೆರೆಯಲ್ಲಿ ಔದ್ಯೋಗಿಕ ಚಿಕಿತ್ಸಕಿ, ಅಂದರೆ ಆಕ್ಯುಪೇಷನಲ್ ಥೆರಪಿಸ್ಟ್. ನಮ್ಮ ನಮ್ಮಲ್ಲಿ ಓಟಿ ಅಂತಲೇ ಹೇಳಿಕೊಳ್ಳುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ಕೆಲಸ ಹೆಚ್ಚಾಗಿ ಮಕ್ಕಳ ಜೊತೆ. ನಮ್ಮ ಕೆಲಸ ಏನೆಂದು ನಿಮ್ಮ ಇಲಾಖೆಗೆ ಗೊತ್ತಿದೆ. ಆದರೆ ಇದು ಬಹಿರಂಗ ಪತ್ರವಾದ್ದರಿಂದ ಬೇರೆಯವರಿಗಾಗಿ ಸ್ವಲ್ಪ ಹೇಳಬೇಕು. ಪಾರ್ಶ್ವವಾಯು ಆದವರು ಒಂದೇ ಕೈಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳುವುದು, ಮಂಚದಿಂದ ಎದ್ದು ಬಚ್ಚಲಿಗೆ ಹೋಗಿ ಸ್ನಾನ ಮಾಡುವುದು, ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ, ಅಂದರೆ ಸೆರೆಬ್ರಲ್ ಪಾಲ್ಸಿ ಇರುವ ಮಗು ಸರಿಯಾಗಿ ಕೂತು ಊಟ ಮಾಡುವುದು, ಆಟಿಸಂ ಇರುವ ಮಗು ತರಗತಿಯ ಗದ್ದಲ ತಡೆದುಕೊಂಡು ಕೂರುವುದು, ಸುಟ್ಟ ಕೈ ಮುರುಟಿಕೊಳ್ಳದಂತೆ ಅದನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡುವ ಆಸರೆ, ಅಂದರೆ ಸ್ಪ್ಲಿಂಟ್ ಮಾಡಿ ಕೊಡುವುದು. ದಿನದ ಬದುಕಿನ ಕೆಲಸಗಳನ್ನು ಮತ್ತೆ ಕೈಗೆ ತಂದುಕೊಡುವ ವೃತ್ತಿ ಇದು. ನಾಲ್ಕು ವರ್ಷ ಓದು, ಅದರ ಮೇಲೆ ಇಂಟರ್ನ್‌ಶಿಪ್. ಓಟಿಗಳ ವಿಶ್ವ ಒಕ್ಕೂಟದ ಕನಿಷ್ಠ ಮಾನದಂಡದ ಪ್ರಕಾರ ವಿದ್ಯಾರ್ಥಿ 1,000 ಗಂಟೆಯಾದರೂ ರೋಗಿಗಳ ಜೊತೆ ಕೆಲಸ ಮಾಡಿ ಕಲಿತಿರಬೇಕು.

ನಮ್ಮ ದೇಶಕ್ಕೆ ಇದು ಹೊಸದೇನಲ್ಲ. 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಈ ವೃತ್ತಿಯ ಶಾಲೆ ಶುರು ಮಾಡಿದರು. 1952ರಲ್ಲಿ ವಿಶ್ವ ಒಕ್ಕೂಟ ಹುಟ್ಟಿದಾಗ ಭಾರತ ಅದರ ಸ್ಥಾಪಕ ಸದಸ್ಯ ದೇಶ. ಅದೇ ಭಾರತದಲ್ಲಿ ಯಾರು ಓಟಿ, ಯಾರು ಅಲ್ಲ ಎಂದು ಹೇಳುವ ರಾಷ್ಟ್ರಮಟ್ಟದ ಕಾನೂನು ಬರುವುದಕ್ಕೆ 2021 ಆಗಬೇಕಾಯಿತು.

ಅಷ್ಟು ವರ್ಷ ನಾವು ಯಾವ ಮನೆಗೂ ಸೇರದವರಾಗಿದ್ದೆವು. ವೈದ್ಯರಿಗೆ ವೈದ್ಯಕೀಯ ಪರಿಷತ್ತು, ನರ್ಸ್‌ಗಳಿಗೆ ನರ್ಸಿಂಗ್ ಪರಿಷತ್ತು ಇತ್ತು. ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯ್ದೆ ಬಂದಾಗ ನಮ್ಮ ಪಕ್ಕದ ಕೋಣೆಯಲ್ಲಿ ಕೆಲಸ ಮಾಡುವ ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು ಎಲ್ಲರೂ ಅದರೊಳಗೆ ಬಂದರು. ಓಟಿ ಮತ್ತು ಫಿಸಿಯೋಥೆರಪಿ ಹೊರಗೇ ಉಳಿದವು. 2007ರಲ್ಲಿ ಒಂದು ಮಸೂದೆ, 2018ರಲ್ಲಿ ಇನ್ನೊಂದು ಮಸೂದೆ ಸಂಸತ್ತಿಗೆ ಬಂದವು, ಎರಡೂ ಕಾಯ್ದೆಯಾಗಲಿಲ್ಲ. ಕೆಲವು ರಾಜ್ಯಗಳು ಕೇಂದ್ರದ ದಾರಿ ನೋಡದೆ ತಾವೇ ಮುಂದೆ ಬಂದವು. ದೆಹಲಿ 1997ರಲ್ಲೇ ಫಿಸಿಯೋಥೆರಪಿ ಮತ್ತು ಓಟಿಗೆ ಪರಿಷತ್ತಿನ ಕಾಯ್ದೆ ತಂದಿತು. ಮಹಾರಾಷ್ಟ್ರದ್ದು 2002ರ ಕಾಯ್ದೆ. ಹೀಗಾಗಿ ಕೊಲ್ಹಾಪುರದಲ್ಲಿ ಕ್ಲಿನಿಕ್ ಇಟ್ಟ ಓಟಿಗೆ ಸರ್ಕಾರದ ನೋಂದಣಿ ಸಂಖ್ಯೆ ಇರುತ್ತಿತ್ತು. ಅಲ್ಲಿಂದ ಎರಡು ತಾಸು ಬಸ್ಸಿನಲ್ಲಿ ಬಂದು ಬೆಳಗಾವಿಯಲ್ಲಿ ಇಳಿದರೆ, ಅದೇ ಕೆಲಸಕ್ಕೆ ಯಾರೂ ಏನೂ ಕೇಳುತ್ತಿರಲಿಲ್ಲ. ಓದಿದವರನ್ನೂ ಕೇಳುತ್ತಿರಲಿಲ್ಲ, ಓದದವರನ್ನೂ ಕೇಳುತ್ತಿರಲಿಲ್ಲ. ನಮ್ಮ ಅಖಿಲ ಭಾರತ ಸಂಘದ ಸದಸ್ಯತ್ವ ಇತ್ತು, ಈಗಲೂ ಇದೆ. ಆದರೆ ಸಂಘ ಸಂಘವೇ. ಬೇಕಾದವರು ಸೇರುತ್ತಾರೆ, ಬೇಡದವರು ಬಿಡುತ್ತಾರೆ. ಸುಳ್ಳು ಬೋರ್ಡ್ ಹಾಕಿಕೊಂಡವರ ಬಾಗಿಲು ಮುಚ್ಚಿಸುವ ಅಧಿಕಾರ ಅದಕ್ಕೆ ಎಲ್ಲಿಂದ ಬರಬೇಕು?

2021ರ ಮಾರ್ಚ್‌ನಲ್ಲಿ ಸಂಸತ್ತು ಸಹಾಯಕ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಅದರ ಪಟ್ಟಿಯಲ್ಲಿ ಹತ್ತು ವರ್ಗಗಳಿವೆ, ಓಟಿಯದೇ ಒಂದು ಪ್ರತ್ಯೇಕ ವರ್ಗ. ಕನಿಷ್ಠ 3,600 ಗಂಟೆಗಳ ಪದವಿ ಇದ್ದವರು ಮಾತ್ರ ಆರೋಗ್ಯ ರಕ್ಷಣಾ ವೃತ್ತಿಪರರು. ರಾಜ್ಯದ ಪಟ್ಟಿಯಲ್ಲೋ ರಾಷ್ಟ್ರದ ಪಟ್ಟಿಯಲ್ಲೋ ಹೆಸರಿಲ್ಲದವರು ಈ ವೃತ್ತಿ ಮಾಡುವಂತಿಲ್ಲ. ರಾಜ್ಯಗಳು ಆರು ತಿಂಗಳಲ್ಲಿ ಪರಿಷತ್ತು ರಚಿಸಬೇಕು ಎಂದೂ ಕಾಯ್ದೆ ಹೇಳಿತು. ಆರು ತಿಂಗಳು ಕಳೆದು ವರ್ಷಗಳೇ ಉರುಳಿದವು. ಕೊನೆಗೆ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಯ್ದೆ ಜಾರಿಯಾಗಲಿ ಎಂದು ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಎರಡು ತಿಂಗಳ ಗಡುವು ಕೊಡಬೇಕಾಯಿತು.

ಈ ಇತಿಹಾಸ ಯಾಕೆ ಹೇಳಿದೆ ಅಂದರೆ, ಇಷ್ಟು ತಡವಾಗಿ ಬಂದ ಕಾನೂನನ್ನು ಆತುರದಲ್ಲಿ ಬರೀ ಫಾರಂ ತುಂಬಿಸಿ, ಶುಲ್ಕ ವಸೂಲಿ ಮಾಡಿ ಮುಗಿಸಿಬಿಡುವ ಭಯ ನನಗಿದೆ.

ನೋಂದಣಿ ಇಲ್ಲದಿದ್ದರೆ ಯಾರಿಗೆ ಏನು ನಷ್ಟ ಎಂದು ಕೆಲವರು ಕೇಳುತ್ತಾರೆ. ವ್ಯಾಯಾಮ ಮಾಡಿಸುವುದಕ್ಕೂ ಲೈಸೆನ್ಸಾ ಅಂತ. ಕಬ್ಬು ಕಡಿಯುವಾಗ ಮಚ್ಚು ಜಾರಿ ಬೆರಳಿನ ಸ್ನಾಯುರಜ್ಜು ತುಂಡಾದವರನ್ನು ನೋಡಿ. ಸರ್ಜನ್ ಹೊಲಿದು ಕಳಿಸುತ್ತಾರೆ. ಆಮೇಲಿನ ಕೆಲವು ವಾರ ಬಹಳ ನಾಜೂಕು. ಕೈಯನ್ನು ಸುಮ್ನೆ ಕಟ್ಟಿ ಇಟ್ಟರೆ ರಜ್ಜು ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಮಡಚುವುದೇ ಇಲ್ಲ. ಬೇಗ ಸರಿಹೋಗಲಿ ಎಂದು ಚೆಂಡು ಕೊಟ್ಟು ಗಟ್ಟಿಯಾಗಿ ಹಿಸುಕಿಸಿದರೆ ಹೊಲಿಗೆ ಕಿತ್ತು ಮತ್ತೆ ಆಪರೇಷನ್. ಯಾವ ವಾರ ಎಷ್ಟು ಮಡಚಿಸಬೇಕು, ಸ್ಪ್ಲಿಂಟ್ ಯಾವ ಕೋನದಲ್ಲಿ ಇರಬೇಕು ಎಂಬುದು ಓದಿ, ಮಾಡಿ, ಕಲಿಯಬೇಕಾದ ವಿಷಯ. ಚೆಂಡು ಹಿಸುಕಿಸಿದವರು ಕೆಟ್ಟವರೇನಲ್ಲ, ಅವರಿಗೆ ಗೊತ್ತಿರಲಿಲ್ಲ. ಕೈ ಕಳೆದುಕೊಂಡವರಿಗೆ ಈ ವ್ಯತ್ಯಾಸ ಇಟ್ಟುಕೊಂಡು ಏನು ಮಾಡುವುದು?

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಅಂಗಾತ ಮಲಗಿಸಿ ಗಂಜಿ ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಮತ್ತೆ ಮತ್ತೆ ನ್ಯುಮೋನಿಯಾ ಬರುತ್ತದೆ. ಕಾರಣ ಊಟ ಎಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ನನ್ನ ಹತ್ತಿರ ಬಂದ ಒಂದು ಮಗು ಹಾಗೇ ಬಳಲಿತ್ತು. ಅದು ಮೊದಲು ಹೋಗುತ್ತಿದ್ದ ಕೇಂದ್ರದಲ್ಲಿ 'ಫೀಡಿಂಗ್ ಥೆರಪಿ' ಹೆಸರಿನಲ್ಲಿ ದುಡ್ಡು ತೆಗೆದುಕೊಂಡಿದ್ದರು. ಮಗುವನ್ನು ಹೇಗೆ ಕೂರಿಸಬೇಕು ಎಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಆ ಮಗುವಿನ ಅಪ್ಪ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ನೀವು ಓದಿದವರು ಅಂತ ನಾನು ಹೇಗೆ ನಂಬಲಿ?" ಗೋಡೆಯ ಮೇಲಿನ ಸರ್ಟಿಫಿಕೇಟ್ ತೋರಿಸಿದೆ. "ಅಲ್ಲೂ ಇಂಥದ್ದೇ ಇತ್ತು" ಅಂದರು. ಅವರು ಹೇಳಿದ್ದು ಸರಿ ಅಲ್ವಾ ಸರ್?

ಆಟಿಸಂ ಅಂತೂ ಈಗ ದೊಡ್ಡ ಮಾರುಕಟ್ಟೆ. ಸೆನ್ಸರಿ ಇಂಟಿಗ್ರೇಷನ್ ಎಂಬುದು ಸ್ಪರ್ಶ, ಸದ್ದು, ಚಲನೆಗಳನ್ನು ಮಗು ಸರಿಯಾಗಿ ಗ್ರಹಿಸಿ ಸ್ಪಂದಿಸಲೆಂದು ಜೀನ್ ಏರ್ಸ್ ಎಂಬ ಅಮೆರಿಕದ ಓಟಿ ರೂಪಿಸಿದ ಪದ್ಧತಿ. ಮಗುವನ್ನು ಕೂಲಂಕಷವಾಗಿ ಪರೀಕ್ಷಿಸಿ, ಆ ಮಗುವಿಗೆ ಬೇಕಾದಂತೆ ಹೆಣೆದು, ಫಲ ಸಿಗುತ್ತಿದೆಯೋ ಇಲ್ಲವೋ ಎಂದು ಅಳೆಯುತ್ತಾ ಮಾಡಬೇಕಾದದ್ದು. ನಮ್ಮ ಊರುಗಳಲ್ಲಿ ಅದು ಏನಾಗಿದೆ? ಒಂದು ಹಾಲ್, ಒಂದು ಉಯ್ಯಾಲೆ, ಬಣ್ಣದ ಚೆಂಡು ತುಂಬಿದ ತೊಟ್ಟಿ, ಮೂರು ತಿಂಗಳ ಪ್ಯಾಕೇಜ್, ಮುಂಗಡ ಕಟ್ಟಿದರೆ ರಿಯಾಯಿತಿ. ಆರು ತಿಂಗಳಲ್ಲಿ ಮಾತು ಬರಿಸುತ್ತೇವೆ ಎಂಬ ಭರವಸೆ ಬೇರೆ. ವಾರಾಂತ್ಯದ ಆನ್‌ಲೈನ್ ಕೋರ್ಸ್ ಮುಗಿಸಿದವರ ಹೆಸರಿನ ಕೆಳಗೂ ಥೆರಪಿಸ್ಟ್ ಎಂದೇ ಇರುತ್ತದೆ. ಒಡವೆ ಅಡವಿಟ್ಟು ಬರುವ ತಾಯಂದಿರಿದ್ದಾರೆ. ಹೋದ ದುಡ್ಡನ್ನು ಹೇಗೋ ದುಡಿಯಬಹುದು. ಎರಡರಿಂದ ಐದು ವರ್ಷದೊಳಗಿನ ಕಾಲ ಹೋದರೆ ತರುವುದು ಎಲ್ಲಿಂದ?

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆಯಲ್ಲ, ಅದು ಸಾಲದೇ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಅದು ಸಂಸ್ಥೆಯ ನೋಂದಣಿ. ಕಟ್ಟಡಕ್ಕೆ, ಕ್ಲಿನಿಕ್‌ಗೆ ಸಿಗುವ ಅನುಮತಿ. ಒಳಗೆ ಮಗುವಿನ ಮುಂದೆ ಕೂತವರು ಯಾರು ಎಂಬ ಪ್ರಶ್ನೆಗೆ ಉತ್ತರ ವ್ಯಕ್ತಿಯ ನೋಂದಣಿಯಲ್ಲೇ ಸಿಗಬೇಕು.

ಬೆಂಗಳೂರಿನಲ್ಲಿ ಆಟೋ ಹತ್ತಿದರೆ ಚಾಲಕರ ಸೀಟಿನ ಹಿಂದೆ ಅವರ ಫೋಟೊ, ಹೆಸರು, ಲೈಸೆನ್ಸ್ ವಿವರ ಇರುವ ಕಾರ್ಡ್ ಕಾಣುತ್ತದೆ. ಹತ್ತು ನಿಮಿಷದ ಪ್ರಯಾಣಕ್ಕೆ ಅಷ್ಟು ಭದ್ರತೆ ಕೇಳುತ್ತೇವೆ. ಥೆರಪಿ ಕೋಣೆಯ ಬಾಗಿಲಿಗೂ ಅಂಥದ್ದೊಂದು ಕಾರ್ಡ್ ಬರಲಿ. ಫೋಟೊ, ಹೆಸರು, ಪದವಿ, ನೋಂದಣಿ ಸಂಖ್ಯೆ, ಯಾವ ತಾರೀಖಿನವರೆಗೆ ಚಾಲ್ತಿ, ಒಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಪರಿಷತ್ತಿನ ಪಟ್ಟಿಯಲ್ಲಿರುವ ಅದೇ ಹೆಸರು ಕಾಣಬೇಕು. ಬ್ರಿಟನ್ನಿನಲ್ಲಿ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನ ಪಟ್ಟಿಯನ್ನು ಯಾರು ಬೇಕಾದರೂ ಹೆಸರು ಹಾಕಿ ಹುಡುಕಬಹುದು. ಅಲ್ಲಿ ಆ ಪಟ್ಟಿಯಲ್ಲಿ ಇಲ್ಲದವರು ತಮ್ಮನ್ನು ಓಟಿ ಎಂದು ಕರೆದುಕೊಳ್ಳುವುದೇ ಅಪರಾಧ. ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಈ ಎರಡು ವರ್ಷದಲ್ಲಿ ಹೊಸದೇನು ಕಲಿತಿರಿ ತೋರಿಸಿ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೆ ಕನಿಷ್ಠ 20 ಗಂಟೆ ಕಲಿಕೆ ಕಡ್ಡಾಯ. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಬೇಕು, ಅದರ ಮೇಲೆ ಕೆಲಸ ಮಾಡುವ ರಾಜ್ಯದ ಲೈಸೆನ್ಸ್ ಪಡೆಯಬೇಕು. ಈ ದೇಶಗಳಿಗೆ ಹೋಗಲು ಅರ್ಜಿ ಹಾಕುವ ನಮ್ಮ ಹುಡುಗಿಯರಿಗೆ ಎದುರಾಗುವ ಮೊದಲ ಪ್ರಶ್ನೆಗಳಲ್ಲಿ ಒಂದು, ನಿಮ್ಮ ಊರಿನಲ್ಲಿ ನಿಮ್ಮನ್ನು ನೋಂದಾಯಿಸಿಕೊಂಡ ಸಂಸ್ಥೆ ಯಾವುದು ಎಂಬುದು. ಮಣಿಪಾಲದಲ್ಲಿ ಚೆನ್ನಾಗಿ ಓದಿ ಬಂದವರೂ ಇಷ್ಟು ವರ್ಷ ಆ ಜಾಗದಲ್ಲಿ ಸಂಘದ ಸದಸ್ಯತ್ವ ಸಂಖ್ಯೆ ಬರೆದು, ಜೊತೆಗೆ ಒಂದು ವಿವರಣೆ ಪತ್ರ ಲಗತ್ತಿಸಬೇಕಾಗಿತ್ತು.

ಈಗ ನೋಂದಣಿಯ ದಾರಿಯ ಬಗ್ಗೆ. ನಾನು ಜಾಸ್ತಿ ಹೇಳಬೇಕೆಂದಿರುವುದು ಇಲ್ಲೇ. ಕಾಯ್ದೆ ಕೇಂದ್ರದ್ದು, ಆದರೆ ಅರ್ಜಿ ಹಾಕುವವರ ತಾಪತ್ರಯವೆಲ್ಲ ನಿಮ್ಮ ಪರಿಷತ್ತಿನ ಕೌಂಟರಿನಲ್ಲೇ.

ನಮ್ಮ ವೃತ್ತಿಯಲ್ಲಿ ಹೆಣ್ಣುಮಕ್ಕಳು ಬಹಳ. ಮದುವೆಯಾದ ಮೇಲೆ ಹೆಸರು ಬದಲಾಗಿರುತ್ತದೆ. ಅಂಕಪಟ್ಟಿಯಲ್ಲಿ ತಂದೆಯ ಹೆಸರಿನ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಹೆಸರು, ಪ್ಯಾನ್ ಕಾರ್ಡ್‌ನಲ್ಲಿ ಮನೆತನದ ಅಡ್ಡಹೆಸರು. ಉತ್ತರ ಕರ್ನಾಟಕದವರಿಗೆ ಇದು ಮಾಮೂಲು. ಇಂಥ ಅರ್ಜಿಗಳನ್ನು ಕಂಪ್ಯೂಟರ್ 'ಹೆಸರು ಹೊಂದಿಕೆಯಾಗಿಲ್ಲ' ಎಂದು ತಿರಸ್ಕರಿಸಿದರೆ, ಅದನ್ನು ಸರಿಪಡಿಸಲು ಬೀದರಿನಿಂದ ಬೆಂಗಳೂರಿಗೆ ರಾತ್ರಿ ಬಸ್ ಹತ್ತಬೇಕಾಗುತ್ತದೆ. ಒಂದು ಅಫಿಡವಿಟ್ ಸಾಕು ಎಂದು ಮೊದಲೇ ನಿಯಮ ಬರೆದುಬಿಡಿ. ಮಗು ಹುಟ್ಟಿದ ಮೇಲೆ ನಾಲ್ಕೈದು ವರ್ಷ ಮನೆಯಲ್ಲಿದ್ದು ವಾಪಸ್ ಬರುವವರೂ ಹಲವರಿದ್ದಾರೆ. ಅವರ ನೋಂದಣಿ ಆಗ ಚಾಲ್ತಿ ತಪ್ಪಿರುತ್ತದೆ. ದಂಡ ಹಾಕಿ ಬಾಗಿಲು ಮುಚ್ಚುವ ಬದಲು, ಕೆಲವು ವಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಿಸಿ ಮತ್ತೆ ಪಟ್ಟಿಗೆ ಸೇರಿಸಿಕೊಳ್ಳುವ ದಾರಿ ಇರಲಿ.

ಇನ್ನು ಹೊರರಾಜ್ಯದಲ್ಲಿ ಓದಿದವರು. ನಮ್ಮಲ್ಲಿ ಈ ಪದವಿ ಕಲಿಸುವ ಕಾಲೇಜುಗಳು ತೀರಾ ಕಡಿಮೆ. ಅದಕ್ಕೇ ಎಷ್ಟೋ ಕನ್ನಡದ ಮಕ್ಕಳು ವೆಲ್ಲೂರು, ಚೆನ್ನೈ, ಮುಂಬೈಗೆ ಹೋಗಿ ಓದುತ್ತಾರೆ. ಅವರ ಪದವಿ ಪರಿಶೀಲನೆಗೆ ಆಯಾ ವಿಶ್ವವಿದ್ಯಾಲಯಕ್ಕೆ ಪರಿಷತ್ತೇ ಪತ್ರ ಬರೆಯಲಿ, ಅಭ್ಯರ್ಥಿಯನ್ನು ಅಲೆದಾಡಿಸುವುದು ಬೇಡ. ಡಿಜಿಲಾಕರ್‌ನಲ್ಲಿರುವ ಪದವಿಗೆ ಮತ್ತೆ ಗೆಜೆಟೆಡ್ ಅಧಿಕಾರಿಯ ಸಹಿ ಕೇಳುವುದೂ ಬೇಡ.

ಈ ಸೇವೆಯನ್ನು ಸಕಾಲದ ಅಡಿಯಲ್ಲಿ ತನ್ನಿ. ಸೇವೆಗೆ ಗಡುವು ಕಟ್ಟುವ ಕಾನೂನನ್ನು ಮಾಡಿದ ರಾಜ್ಯ ನಮ್ಮದು. ಜಾತಿ ಪ್ರಮಾಣಪತ್ರಕ್ಕೆ ಗಡುವು ಇರುವಾಗ ಥೆರಪಿಸ್ಟ್ ನೋಂದಣಿಗೆ ಇಲ್ಲ ಎನ್ನುವುದು ಸರಿಯಲ್ಲ. ಅರ್ಜಿ ಹಾಕಿದ ದಿನ ಸಂಖ್ಯೆ ಸಿಗಲಿ, ಇಂತಿಷ್ಟು ದಿನದಲ್ಲಿ ಒಪ್ಪಿಗೆಯೋ, ಕಾರಣ ಕೊಟ್ಟು ತಿರಸ್ಕಾರವೋ ಬರಲಿ. ಯಾಕೆಂದರೆ ಈ ಕಾಯ್ದೆಯಲ್ಲಿ ಹೆಸರಿಲ್ಲದೆ ವೃತ್ತಿ ಮಾಡಿದವರಿಗೆ 50,000 ರೂಪಾಯಿ ದಂಡದ ಮಾತಿದೆ. ಅರ್ಜಿ ಪರಿಷತ್ತಿನ ಮೇಜಿನ ಮೇಲೆ ಧೂಳು ಹಿಡಿದಿರುವಾಗ ಓದಿದವರ ಮೇಲೆ ದಂಡ ಬಿದ್ದರೆ ಅದಕ್ಕಿಂತ ತಮಾಷೆ ಇನ್ನೊಂದಿಲ್ಲ. ಶುಲ್ಕದ ಬಗ್ಗೆ ಒಂದೇ ಮಾತು. ಸಣ್ಣ ಊರಿನ ವಿಶೇಷ ಶಾಲೆಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವ ಓಟಿಗಳ ಸಂಬಳ ನೋಡಿ ಅದನ್ನು ನಿಗದಿ ಮಾಡಿ. ಕಾರ್ಪೊರೇಟ್ ಆಸ್ಪತ್ರೆಯವರ ಸಂಬಳ ನೋಡಿ ಮಾಡಬೇಡಿ.

ಕಾನೂನು ಬಂದಾಗ ಅದರ ಏಟು ಮೊದಲು ಬೀಳುವುದು ಕೈಗೆ ಸುಲಭವಾಗಿ ಸಿಗುವ ಬಡವರ ಮೇಲೆ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಗೌರವಧನಕ್ಕೆ ದುಡಿಯುವವರು, ಅಂಗವೈಕಲ್ಯವನ್ನು ಸ್ವತಃ ಬಲ್ಲವರು. ಮನೆಮನೆಗೆ ಹೋಗಿ ಮಗು ಬೀಳದೆ ನೆಟ್ಟಗೆ ಕೂರಲು ಮೂಲೆ ಕುರ್ಚಿ ಮಾಡಿಸಿಕೊಡುವುದು, ಅಜ್ಜಿಯನ್ನು ನಡೆಸುವುದು, ಪಿಂಚಣಿ ಅರ್ಜಿ ತುಂಬಿಸುವುದು ಎಲ್ಲ ಅವರೇ. ಹಾಗೆಯೇ ವಿಶೇಷ ಶಾಲೆಗಳಲ್ಲಿ ಹತ್ತಾರು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಆಯಾಗಳಿದ್ದಾರೆ. ಇವರನ್ನು ನಕಲಿಗಳ ಜೊತೆ ಒಂದೇ ಗಂಟಿಗೆ ಕಟ್ಟಬೇಡಿ. ಇವರಲ್ಲಿ ಬಹುತೇಕರು ತಮ್ಮನ್ನು ಥೆರಪಿಸ್ಟ್ ಎಂದು ಹೇಳಿಕೊಂಡವರೇ ಅಲ್ಲ. ಇವರ ಕೆಲಸ ಎಲ್ಲಿಯವರೆಗೆ, ಎಲ್ಲಿ ನಿಲ್ಲಿಸಿ ಓಟಿ ಹತ್ತಿರ ಕಳಿಸಬೇಕು ಎಂದು ಸ್ಪಷ್ಟವಾಗಿ ಬರೆದು, ತರಬೇತಿ ಕೊಟ್ಟು, ನೋಂದಾಯಿತ ಓಟಿಗಳ ಪಟ್ಟಿಯನ್ನು ಇವರ ಕೈಗೇ ಕೊಡಿ. ಹಳ್ಳಿಯ ಅಪ್ಪ ಅಮ್ಮ ವೆಬ್‌ಸೈಟ್ ನೋಡುವುದಕ್ಕಿಂತ ಮೊದಲು ಇವರನ್ನೇ ಕೇಳುತ್ತಾರೆ. ಇದಕ್ಕೆ ವಿಕಲಚೇತನರ ಸಬಲೀಕರಣ ಇಲಾಖೆಯ ಜೊತೆ ನಿಮ್ಮ ಇಲಾಖೆ ಒಂದೇ ಒಂದು ಸಭೆ ಮಾಡಿದರೂ ಸಾಕು.

ಪಟ್ಟಿ ಬಂದ ಮೇಲೆ ಇನ್ನೊಂದು ಸತ್ಯ ಹೊರಗೆ ಬೀಳುತ್ತದೆ, ಅದಕ್ಕೆ ಸಿದ್ಧರಿರಿ. ಎಷ್ಟೋ ಜಿಲ್ಲೆಗಳಲ್ಲಿ ಹುಡುಕಿದರೆ ಬೆರಳೆಣಿಕೆಯ ಹೆಸರುಗಳೂ ಸಿಗಲಿಕ್ಕಿಲ್ಲ. ಆ ತಾಯಿ ಮೊಬೈಲಿನಲ್ಲಿ ಹಾವೇರಿ ಎಂದು ಹಾಕಿ ಹುಡುಕಿದಾಗ ಖಾಲಿ ಪುಟ ಬಂದರೆ, ಅವಳು ಮತ್ತೆ ಉಯ್ಯಾಲೆ ಇರುವ ಅದೇ ಹಾಲ್‌ಗೆ ಹೋಗುತ್ತಾಳೆ. ಅದಕ್ಕೇ ಜಿಲ್ಲಾವಾರು ಪಟ್ಟಿಯ ಜೊತೆಗೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಮತ್ತು ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಬೇಗ ಚಿಕಿತ್ಸೆ ಕೊಡುವ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಓಟಿಗೆಂದೇ ಮಂಜೂರಾದ ಹುದ್ದೆಗಳೆಷ್ಟು, ಭರ್ತಿ ಆದದ್ದೆಷ್ಟು ಎಂಬುದನ್ನೂ ಪ್ರಕಟಿಸಿ. ಹುದ್ದೆಯೇ ಇಲ್ಲದಿದ್ದರೆ ಓದಿದವರು ವಿಮಾನ ಹತ್ತುತ್ತಾರೆ. ಅವರನ್ನು ಬೈಯುವ ಹಕ್ಕು ನಮಗಿಲ್ಲ.

ಪರಿಷತ್ತಿನ ರಚನೆಯ ಬಗ್ಗೆಯೂ ಒಂದು ಕೋರಿಕೆ. ಪ್ರತಿ ವರ್ಗದಿಂದ ಇಬ್ಬರು ಪ್ರತಿನಿಧಿಗಳು ಇರಬೇಕೆಂದು ಕಾಯ್ದೆ ಹೇಳುತ್ತದೆ, ಅವರನ್ನು ನೇಮಿಸುವುದು ರಾಜ್ಯ ಸರ್ಕಾರ. ಓಟಿಯ ಇಬ್ಬರಲ್ಲಿ ಒಬ್ಬರಾದರೂ ಬೆಂಗಳೂರು, ಮಣಿಪಾಲದ ಆಚೆ ಕೆಲಸ ಮಾಡುವವರಾಗಿರಲಿ. ಕಲಬುರಗಿಯಲ್ಲೋ ಚಾಮರಾಜನಗರದಲ್ಲೋ ಕೆಲಸ ಮಾಡಿದವರಿಗೆ ಸ್ಪ್ಲಿಂಟ್‌ನ ಪ್ಲಾಸ್ಟಿಕ್ ಹಾಳೆ ತರಿಸುವುದು ಎಷ್ಟು ಕಷ್ಟ ಎಂಬುದೂ ಗೊತ್ತಿರುತ್ತದೆ. ದೂರು ಕೇಳುವ ಮಂಡಳಿಯ ವಿಳಾಸ, ಫೋನ್ ನಂಬರ್ ಕನ್ನಡದಲ್ಲಿ ಇರಲಿ, ದೂರನ್ನೂ ಕನ್ನಡದಲ್ಲೇ ಬರೆದು ಕೊಡುವಂತಿರಲಿ.

2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಥೆರಪಿಸ್ಟ್‌ಗಳು ಹೆಸರಿನ ಮುಂದೆ 'ಡಾ.' ಹಾಕಬಹುದೋ ಬೇಡವೋ ಎಂದು ದೇಶವೆಲ್ಲ ಜಗಳವಾಡಿತು. ದೆಹಲಿಯಿಂದ ಒಂದು ದಿನ ಬೇಡ ಎಂಬ ಪತ್ರ, ಮರುದಿನ ಆ ಪತ್ರ ವಾಪಸ್. ನಮ್ಮ ವಾಟ್ಸ್ಆಪ್ ಗುಂಪುಗಳಲ್ಲೂ ವಾರಗಟ್ಟಲೆ ಅದೇ ಚರ್ಚೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೆಸರಿನ ಮುಂದೆ ಏನೂ ಬೇಡ. ಹೆಸರಿನ ಪಕ್ಕ ಒಂದು ನೋಂದಣಿ ಸಂಖ್ಯೆ ಇದ್ದು, ಅದನ್ನು ಯಾರು ಬೇಕಾದರೂ ಪರೀಕ್ಷಿಸುವಂತಿದ್ದರೆ ಸಾಕು.

ಈ ಪತ್ರಕ್ಕೆ ಉತ್ತರವಾಗಿ ನಾನು ಭರವಸೆ ಕೇಳುತ್ತಿಲ್ಲ. ಮೂರು ತಾರೀಖು ಬೇಕು. ಸಾರ್ವಜನಿಕರು ಹುಡುಕಬಹುದಾದ ಪಟ್ಟಿ ಕನ್ನಡದಲ್ಲಿ ಯಾವತ್ತು ತೆರೆಯುತ್ತದೆ? ನೋಂದಣಿ ಸೇವೆ ಸಕಾಲಕ್ಕೆ ಯಾವತ್ತು ಸೇರುತ್ತದೆ? ಬಾಗಿಲಿನ ಕಾರ್ಡ್ ಕಡ್ಡಾಯ ಎಂಬ ಆದೇಶ ಯಾವತ್ತು ಹೊರಡುತ್ತದೆ? ತಾರೀಖು ತಿಳಿದರೆ ನಮ್ಮ ಕೇಂದ್ರದ ನೋಟಿಸ್ ಬೋರ್ಡಿಗೆ ಅಂದೇ ಹಾಕುತ್ತೇನೆ. ಪೋಷಕರು ಕೇಳುತ್ತಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಔದ್ಯೋಗಿಕ ಚಿಕಿತ್ಸಕಿ
ದಾವಣಗೆರೆ